ಬಾಗಲಕೋಟೆ ಜಿಲ್ಲೆಯ ಹುಲ್ಲುಗಾವಲು ಮತ್ತು ಯಡಹಳ್ಳಿ ಚಿಂಕಾರ ವನ್ಯಧಾಮ: ಸಾರ್ವಜನಿಕರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ವ್ಯಾಪ್ತಿಯಲ್ಲಿರುವ ಯಡಹಳ್ಳಿ ಅರಣ್ಯ ಪ್ರದೇಶವನ್ನು ರಾಜ್ಯ ಸರ್ಕಾರವು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಿತು. ಇದರ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ಉತ್ತರಕ್ಕೆ ಕೃಷ್ಣಾ ನದಿ, ದಕ್ಷಿಣಕ್ಕೆ ಘಟಪ್ರಭಾ ನದಿ. ಎರಡರ ನಡುವಿನ ಏರುತಗ್ಗಿನ ಒಣ ನೆಲದಲ್ಲಿ ಈ ವನ್ಯಧಾಮವು ಹರಡಿಕೊಂಡಿದೆ. ಮಲೆನಾಡಿನ ದಟ್ಟಾರಣ್ಯವನ್ನು ಕಂಡವರು ಇಲ್ಲಿಗೆ ಬಂದಾಗ ‘ಕಾಡು ಎಲ್ಲಿದೆ?’ ಎಂದು ಕೇಳುವುದು ಸಹಜ. ಕಲ್ಲುನೆಲ, ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಮುಳ್ಳುಪೊದೆ, ವಿರಳವಾಗಿ ನಿಂತ ಮರಗಳು, ಇಷ್ಟೇ ಕಣ್ಣಿಗೆ ಬೀಳುತ್ತವೆ. ಆದರೆ ಈ ನೆಲದ ಸಹಜ ಸ್ಥಿತಿಯೇ ಇದು. ಕಾಡು ಹಾಳಾಗಿ ಉಳಿದ ಬಯಲೆಂದು ಇದನ್ನು ಭಾವಿಸುವುದು ಸರಿಯಲ್ಲ. ಮೇವು, ಪರಿಹಾರಧನ ಅಥವಾ ಪ್ರವೇಶ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರಿಗೂ ಈ ವ್ಯತ್ಯಾಸ ತಿಳಿದಿರುವುದು ಉಪಯುಕ್ತ.

ಭೂಲಕ್ಷಣ

ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ. ಅದೂ ವರ್ಷದ ಕೆಲವೇ ತಿಂಗಳುಗಳಲ್ಲಿ ಬೀಳುತ್ತದೆ. ಇಷ್ಟು ಮಳೆಗೆ ದಟ್ಟ ಕಾಡು ಬೆಳೆಯುವುದು ಕಷ್ಟ, ಹುಲ್ಲು ಬೆಳೆಯುತ್ತದೆ. ಬಾಗಲಕೋಟೆ, ಬೇವೂರು, ಹುನಗುಂದ, ಇಳಕಲ್ಲ ಸುತ್ತಿನ ಎರೆ ಭೂಮಿ ಬಹುತೇಕ ಹೊಲವಾಗಿ ಮಾರ್ಪಟ್ಟು ತಲೆಮಾರುಗಳೇ ಕಳೆದಿವೆ. ಉಳುಮೆಗೆ ಒಗ್ಗದ ಮಸಾರಿ ದಿಬ್ಬಗಳು, ಬಾದಾಮಿ ಭಾಗದ ಮರಳುಗಲ್ಲಿನ ಗುಡ್ಡಗಳ ಮೈ, ಹಳ್ಳದ ದಂಡೆಗಳು ಮತ್ತು ಗಾಯರಾಣಗಳಲ್ಲಿ ಮಾತ್ರ ಹಳೆಯ ಹುಲ್ಲುಗಾವಲು ಉಳಿದುಕೊಂಡಿದೆ. ಕರಡ, ಗರಿಕೆ ಮುಂತಾದ ಹುಲ್ಲುಗಳ ಜೊತೆಗೆ ಬಂದರಿಕೆ, ಕವಳಿ, ಬಾರಿ, ತಂಗಡಿ ಗಿಡಗಳು ಇಲ್ಲಿ ಸಾಮಾನ್ಯ.

ಬೇಸಿಗೆಯಲ್ಲಿ ಈ ಹುಲ್ಲು ಸತ್ತಂತೆ ಕಾಣುತ್ತದೆ. ಬಹುವಾರ್ಷಿಕ ಹುಲ್ಲಿನ ಜೀವವಿರುವುದು ಬೇರಿನಲ್ಲಿ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದು ಚಿಗುರುತ್ತದೆ, ಮಣ್ಣನ್ನು ಹಿಡಿದಿಡುತ್ತದೆ, ನೀರನ್ನು ಇಂಗಿಸುತ್ತದೆ. ನಡೆಯುವವರ ಬಟ್ಟೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವ ಕೆಲವು ಹುಲ್ಲಿನ ಬೀಜಗಳಿಗೆ ತಿರುಚಿದ ಮುಳ್ಳುಬಾಲವಿರುತ್ತದೆ. ಒದ್ದೆಯಾದಾಗ ಬಿಚ್ಚಿಕೊಂಡು, ಒಣಗಿದಾಗ ಮತ್ತೆ ಸುತ್ತಿಕೊಳ್ಳುವ ಈ ಬಾಲವೇ ಬೀಜವನ್ನು ಮಣ್ಣಿನೊಳಗೆ ಕೊರೆದು ನಾಟುತ್ತದೆ. ಕುರಿಗಾರರಿಗೆ ತೊಂದರೆ ಕೊಡುವ ಮುಳ್ಳು ಹುಲ್ಲಿನ ಪಾಲಿಗೆ ಕೂರಿಗೆಯಿದ್ದಂತೆ.

ವನ್ಯಜೀವಿಗಳು

ವನ್ಯಧಾಮಕ್ಕೆ ಹೆಸರು ತಂದ ಚಿಂಕಾರವು ಸುಮಾರು ಎರಡಡಿ ಎತ್ತರದ, 20ರಿಂದ 25 ಕಿಲೋಗ್ರಾಂ ತೂಕದ ಸಣ್ಣ ಹುಲ್ಲೆ. ಕೃಷ್ಣಮೃಗವು ಸಮತಟ್ಟಾದ ಬಯಲನ್ನು ಬಯಸಿದರೆ, ಚಿಂಕಾರವು ಏರುತಗ್ಗು, ಕಲ್ಲು ಮತ್ತು ಕುರುಚಲು ಬೆರೆತ ನೆಲವನ್ನು ಆರಿಸಿಕೊಳ್ಳುತ್ತದೆ. ದೊಡ್ಡ ಹಿಂಡು ಕಟ್ಟುವುದಿಲ್ಲ; ಒಂಟಿಯಾಗಿ ಅಥವಾ ನಾಲ್ಕೈದರ ಗುಂಪಿನಲ್ಲಿ ಕಾಣಸಿಗುತ್ತದೆ. ಎಲೆ, ಕಾಯಿ ಮತ್ತು ಇಬ್ಬನಿಯಲ್ಲಿರುವ ತೇವದಿಂದಲೇ ದೀರ್ಘಕಾಲ ನೀರು ಕುಡಿಯದೆ ಬದುಕಬಲ್ಲದು. ಅಪಾಯದ ಸುಳಿವು ದೊರೆತಾಗ ಸೀನಿದಂತೆ ಸದ್ದು ಮಾಡಿ, ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ. ಭಾರತದಲ್ಲಿ ಚಿಂಕಾರದ ನೆಲೆ ರಾಜಸ್ಥಾನ, ಗುಜರಾತಿನ ಮರುಭೂಮಿಯಿಂದ ದಕ್ಷಿಣಕ್ಕೆ ಕೃಷ್ಣಾ ನದಿಯನ್ನು ದಾಟಿ ಸ್ವಲ್ಪ ದೂರ ಬಂದು ನಿಲ್ಲುತ್ತದೆ. ರಾಜ್ಯದಲ್ಲಿ ಇದೇ ಪ್ರಾಣಿಗಾಗಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಮತ್ತೊಂದು ವನ್ಯಧಾಮವನ್ನು ಘೋಷಿಸಲಾಗಿದೆ.

ತೋಳ, ಕತ್ತೆಕಿರುಬ, ನರಿ, ಮೊಲಗಳೂ ಈ ನೆಲದ ನಿವಾಸಿಗಳು. ತೋಳಕ್ಕೆ ಮರಗಳ ಮರೆ ಬೇಕಿಲ್ಲ. ಪೊದೆ, ಹಳ್ಳದ ಕೊರಕಲು ಮತ್ತು ಮನುಷ್ಯರ ಓಡಾಟ ಕಡಿಮೆಯಿರುವ ಒಂದಿಷ್ಟು ದಿಬ್ಬ ಸಾಕು. ನೆಲಗುಬ್ಬಿ, ಗೌಜಲಕ್ಕಿಗಳು ನೆಲದ ಮೇಲೆಯೇ ಗೂಡು ಮಾಡುತ್ತವೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ದಖ್ಖನ್ನಿನ ಬಯಲುಗಳಿಗೆ ವಲಸೆ ಬರುವ ಸೆಳೆವ ಗಿಡುಗಗಳು ರಾತ್ರಿಯನ್ನು ಕಳೆಯುವುದೂ ಹುಲ್ಲಿನ ನಡುವೆ, ನೆಲದ ಮೇಲೆ. ಇವು ಮಿಡತೆಗಳನ್ನು ಹೇರಳವಾಗಿ ತಿನ್ನುವುದರಿಂದ ರೈತರಿಗೂ ಅನುಕೂಲವಿದೆ.

ಎರೆಭೂತವೆಂದು ಉತ್ತರ ಕರ್ನಾಟಕದ ಜನರು ಕರೆಯುತ್ತಿದ್ದ ಹೆಬ್ಬಕದ ಕಥೆ ಬೇರೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ವನ್ಯಧಾಮವು 1974ರಲ್ಲಿ ಘೋಷಣೆಯಾಯಿತು. ಅಲ್ಲಿ ಒಂದು ಕಾಲಕ್ಕೆ ಈ ಪಕ್ಷಿ ಕಾಣಸಿಗುತ್ತಿತ್ತು. ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡುತೋಪು ಎದ್ದಿತು. ತೆರೆದ ಹುಲ್ಲನ್ನೇ ನಂಬಿದ್ದ ಎರೆಭೂತ ಅಲ್ಲಿ ಉಳಿಯಲಿಲ್ಲ. ಇಂದು ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇವೆ. ಗಿಡ ನೆಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಾಲುಮರ ನೆಟ್ಟರೆ ನೆರಳಿನಡಿಯ ಹುಲ್ಲು ಸಾಯುತ್ತದೆ, ಅದರೊಡನೆ ಅದನ್ನು ನಂಬಿದ ಜೀವಿಗಳೂ ಹೋಗುತ್ತವೆ. ಬಳ್ಳಾರಿ ಜಾಲಿಯದೂ ಇದೇ ಪರಿಣಾಮ. ಅದನ್ನು ಯಾರೂ ನೀರೆರೆದು ಬೆಳೆಸಬೇಕಾಗಿಯೂ ಇಲ್ಲ.

‘ಪಾಳು’ ಎಂಬ ಪದ

2000ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಾಳುಭೂಮಿ ಭೂಪಟದಲ್ಲಿ ಕುರುಚಲು ನೆಲ ಮತ್ತು ಸೊರಗಿದ ಮೇವುನೆಲಗಳೂ ಪಾಳುಭೂಮಿಯ ವರ್ಗಗಳಾಗಿ ಎಣಿಕೆಗೆ ಬಂದಿದ್ದವು. ದಾಖಲೆಯಲ್ಲಿ ಪಾಳೆಂದು ಬರೆದ ನೆಲಕ್ಕೆ ಬೇರೊಂದು ‘ಉಪಯೋಗ’ ಹುಡುಕುವುದು ಸುಲಭ. ಡೆಕ್ಕನಿ, ಎಳಗ ತಳಿಯ ಕುರಿಗಳನ್ನು ಸಾಕುವ ಕುರಿಗಾರರು ಮಾತ್ರ ಇದನ್ನು ಎಂದೂ ಪಾಳೆಂದು ಕರೆದವರಲ್ಲ. ಮಳೆಗಾಲದಲ್ಲಿ ಗುಡ್ಡದ ಹುಲ್ಲು, ಸುಗ್ಗಿಯ ನಂತರ ಎರೆಹೊಲದ ಕೂಳೆ, ರಾತ್ರಿ ಹೊಲದಲ್ಲಿ ಕುರಿ ತರುಬಿ ರೈತನಿಗೆ ಗೊಬ್ಬರ: ಈ ಸುತ್ತು ನಡೆಯಬೇಕಾದರೆ ಗುಡ್ಡದ ಹುಲ್ಲು ಇರಲೇಬೇಕು. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಅನ್ವಯ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಉಚಿತ ಮೇವಿಗೆ ನೆಲ ಕಾಯ್ದಿರಿಸಬೇಕೆಂಬುದನ್ನು, ಗಾಯರಾಣದ ಬಗ್ಗೆ ಅರ್ಜಿ ಸಲ್ಲಿಸುವವರು ಗಮನದಲ್ಲಿಡತಕ್ಕದ್ದು.

ಅರ್ಜಿದಾರರ ಗಮನಕ್ಕೆ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 28ರಂತೆ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ ಮತ್ತು ಪ್ರವಾಸಕ್ಕಾಗಿ ವನ್ಯಧಾಮ ಪ್ರವೇಶಿಸಲು ಪರವಾನಗಿ ಪಡೆಯಬಹುದು. ಜಾನುವಾರು ಮೇಯಿಸುವುದು ಪ್ರಕರಣ 33ರ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ನಿಯಂತ್ರಣಕ್ಕೆ ಒಳಪಟ್ಟಿದೆ. ಲಸಿಕೆ ಹಾಕಿಸದ ಜಾನುವಾರುಗಳನ್ನು ವನ್ಯಧಾಮದೊಳಗೆ ಒಯ್ಯುವುದಾಗಲಿ ಮೇಯಿಸುವುದಾಗಲಿ ಪ್ರಕರಣ 33ಎ ಪ್ರಕಾರ ನಿಷಿದ್ಧ. ಕುರಿಯ ರೋಗ ಚಿಂಕಾರಕ್ಕೆ ತಗುಲಬಾರದೆಂಬುದು ಇದರ ಹಿಂದಿನ ಕಾರಣ. ಹೊಸ ಹುಲ್ಲು ಬೇಗ ಚಿಗುರಲೆಂದು ಬೆಂಕಿ ಹಚ್ಚುವ ರೂಢಿ ಕೆಲವೆಡೆ ಇದೆ. ವನ್ಯಧಾಮದಲ್ಲಿ ಇದು ಪ್ರಕರಣ 30ರಂತೆ ಅಪರಾಧವಾಗುತ್ತದೆ.

ತೋಳವು ಕುರಿಯನ್ನು ಕೊಂದಾಗ ಆಗುವ ನಷ್ಟ ಸಣ್ಣದಲ್ಲ. ಬಯಲಿನಲ್ಲಿ ರಾತ್ರಿ ಕಳೆಯುವ ಕುರಿಗಾರನಿಗೆ ಒಂದೆರಡು ಕುರಿ ಎಂದರೆ ಹಲವು ತಿಂಗಳ ದುಡಿಮೆ. ವನ್ಯಪ್ರಾಣಿಗಳಿಂದ ಸಾಕುಪ್ರಾಣಿ ಹತವಾದಲ್ಲಿ ನಿಯಮಾನುಸಾರ ದಯಾತ್ಮಕ ಧನಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಇದಕ್ಕಾಗಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಡಮಾಡದೆ ತಿಳಿಸತಕ್ಕದ್ದು. ಸ್ಥಳ ಪರಿಶೀಲನೆ ಆಗುವವರೆಗೆ ಸತ್ತ ಪ್ರಾಣಿಯನ್ನು ಸರಿಸಬಾರದು. ಕೊಂದದ್ದು ತೋಳವೋ ಬೀದಿನಾಯಿಗಳೋ ಎಂಬುದನ್ನು ಹಲ್ಲಿನ ಗುರುತು ಮತ್ತು ಹೆಜ್ಜೆಗುರುತುಗಳಿಂದ ತಿಳಿಯಬೇಕಾಗುತ್ತದೆ. ದೇಹವನ್ನು ಹೂತ ಮೇಲೆ ಅರ್ಜಿಗೆ ಆಧಾರವೇ ಉಳಿಯುವುದಿಲ್ಲ. ಅನ್ಯ ತಾಲ್ಲೂಕಿನಿಂದ ಹಿಂಡು ಹೊಡೆದುಕೊಂಡು ಬಂದವರು ಊರಿಗೆ ಮರಳಿದ ನಂತರ ದೂರು ಕೊಡೋಣವೆಂದು ಕಾಯದೆ, ಘಟನೆ ನಡೆದ ಸ್ಥಳದ ವಲಯ ಕಚೇರಿಗೇ ತಿಳಿಸುವುದು ಸೂಕ್ತ.

ಸಿಟ್ಟಿನಲ್ಲಿ ಸತ್ತ ಕುರಿಯ ಮಾಂಸಕ್ಕೆ ವಿಷ ಬೆರೆಸಿ ಇಟ್ಟ ಪ್ರಸಂಗಗಳೂ ಉಂಟು. ಅಧಿನಿಯಮದ ಪ್ರಕಾರ ವಿಷವಿಡುವುದು, ಉರುಳು ಹಾಕುವುದು ಸಹ ಬೇಟೆಯೆಂದೇ ಪರಿಗಣಿತವಾಗುತ್ತದೆ. ತೋಳ ಮತ್ತು ಚಿಂಕಾರ ಎರಡೂ ಅನುಸೂಚಿ 1ರಲ್ಲಿ ಇರುವುದರಿಂದ, ವನ್ಯಧಾಮದ ಹೊರಗೆ, ಸ್ವಂತ ಹೊಲದಲ್ಲಿಯೂ ಈ ನಿಷೇಧ ಅನ್ವಯಿಸುತ್ತದೆ. ಅಂತಹ ಮಾಂಸವನ್ನು ತಿಂದು ಸಾಯುವುದು ತೋಳವೊಂದೇ ಅಲ್ಲ. ನರಿ, ಹದ್ದು, ಹಲವೊಮ್ಮೆ ಹಟ್ಟಿಯ ಕಾವಲು ನಾಯಿಯೂ ಅದಕ್ಕೆ ಬಲಿಯಾಗುತ್ತದೆ.