ಈಜುಕೊಳದ ಕೆಳಗಿನ ಚಿನ್ನ

2019ರ ಆಗಸ್ಟ್‌ನಲ್ಲಿ ವಿಶೇಷ ತನಿಖಾ ತಂಡದವರು ಬೆಂಗಳೂರಿನ ರಿಚ್ಮಂಡ್ ಟೌನ್‌ನ ಕಟ್ಟಡವೊಂದರ ಆರನೇ ಮಹಡಿ ಹತ್ತಿದರು. ಅಲ್ಲಿನ ಈಜುಕೊಳದ ಅಡಿಯಲ್ಲಿ 5,880 ಚಿನ್ನದ ಬಿಸ್ಕತ್ತುಗಳು ಸಿಕ್ಕವು; ತೂಕ 303 ಕಿಲೋ. ಕೋಲಾರದ ಗಣಿಯಲ್ಲಿ ಅಷ್ಟು ಚಿನ್ನ ತೆಗೆಯಬೇಕಿದ್ದರೆ, ಟನ್ನಿಗೆ ಮೂರು ಗ್ರಾಮಿನಂತೆ ಸಿಗುತ್ತಿದ್ದ ಕೊನೆಗಾಲದ ಲೆಕ್ಕದಲ್ಲಿ, ಲಕ್ಷ ಟನ್ ಕಲ್ಲು ಅರೆಯಬೇಕಿತ್ತು. ಇಲ್ಲಿ ಆ ಕಷ್ಟವಿರಲಿಲ್ಲ. ಬಿಸ್ಕತ್ತುಗಳೆಲ್ಲ ನಕಲಿ. ಹಣ ಹೂಡಲು ಬಂದವರಿಗೆ ತೋರಿಸಿ ನಂಬಿಸಲು ಇವನ್ನು ಬಳಸುತ್ತಿದ್ದರು ಎಂದರು ತನಿಖೆಯವರು.

ಹೀಗೆ ನಂಬಿಸುತ್ತಿದ್ದ ಕಂಪನಿ ಐಎಂಎ, ಅಂದರೆ ಐ ಮಾನಿಟರಿ ಅಡ್ವೈಸರಿ. 2006ರಲ್ಲಿ ಮೊಹಮ್ಮದ್ ಮನ್ಸೂರ್ ಖಾನ್ ಶುರುಮಾಡಿದ್ದು. ಬಡ್ಡಿ ಹರಾಮ್ ಎಂದು ಬ್ಯಾಂಕಿನಿಂದ ದೂರವಿದ್ದವರಿಗೆ ಹಲಾಲ್ ಲಾಭದ ಭರವಸೆ ಕೊಟ್ಟಿತು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು. ಕೋಲಾರದ ಗಣಿಯ ಊರಾದ ಕೆಜಿಎಫ್‌ನಿಂದ ಬಂಗಾರಪೇಟೆ ಮಾರ್ಗವಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಕಂಟೋನ್ಮೆಂಟಿನಲ್ಲಿ ಇಳಿದರೆ ಶಿವಾಜಿನಗರದ ಅದರ ಒಡವೆ ಅಂಗಡಿ ದೂರವೇನಲ್ಲ.

ಗಣಿಯ ಊರಿನವರಿಗೆ ಇನ್ನೊಂದು ಬಗೆಯ ಕಂಪನಿಯ ಕತೆಯೂ ಗೊತ್ತು. 1880ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೈಸೂರು ಗಣಿ ಕಂಪನಿ ಇಲ್ಲಿ ಮೂರು ವರ್ಷ ಅಗೆದರೂ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಬೊಕ್ಕಸದಲ್ಲಿ ಉಳಿದದ್ದು ಸುಮಾರು 13,000 ಪೌಂಡ್. ಅದನ್ನು ಹಂಚಿಕೊಂಡು ಬಾಗಿಲು ಮುಚ್ಚೋಣವೇ, ಇನ್ನೊಂದು ಸಲ ಅಗೆಯೋಣವೇ ಎಂಬ ಪ್ರಶ್ನೆ ಷೇರುದಾರರ ಮುಂದೆ ಬಂತು. ಕಂಪನಿಯ ಆಡಳಿತ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಗೆಯೋಣ ಎಂದರು. ಗಣಿ ಮೇಲ್ವಿಚಾರಕ ಕ್ಯಾಪ್ಟನ್ ಪ್ಲಮ್ಮರ್ ಬಂದು ಹಳೆಯ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಕೆಳಗಿಳಿದರು. ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. ವಸಾಹತುಶಾಹಿ ಕಂಪನಿ, ಧರ್ಮಕರ್ಮದ ಮಾತೇನೂ ಆಡಲಿಲ್ಲ. ಆದರೂ ಕೆಟ್ಟ ಸುದ್ದಿಯನ್ನು ಹಣ ಹಾಕಿದವರ ಮುಂದಿಟ್ಟಿತು. ಆಮೇಲೆ ತಿಂಗಳ ಚಿನ್ನದ ಲೆಕ್ಕ ಲಂಡನ್ನಿನ ಪತ್ರಿಕೆಗಳಲ್ಲೇ ಅಚ್ಚಾಗುತ್ತಿತ್ತು.

ಇಸ್ಲಾಮಿನ ವ್ಯವಹಾರ ನೀತಿ ಕೇಳುವುದೂ ಈ ಮುಚ್ಚುಮರೆಯಿಲ್ಲದ ಲೆಕ್ಕವನ್ನೇ, ಇನ್ನೂ ಬಿಗಿಯಾಗಿ. ಮುದಾರಬಾ ಒಪ್ಪಂದದಲ್ಲಿ ಒಬ್ಬರದು ಬಂಡವಾಳ, ಇನ್ನೊಬ್ಬರದು ದುಡಿಮೆ. ಲಾಭ ಬಂದರೆ ಮೊದಲೇ ಒಪ್ಪಿದ ಪಾಲಿನಂತೆ ಹಂಚಿಕೆ. ನಷ್ಟವಾದರೆ ಬಂಡವಾಳ ಹಾಕಿದವರ ಹಣ ಹೋಗುತ್ತದೆ, ದುಡಿದವನ ದುಡಿಮೆ ಹೋಗುತ್ತದೆ. ಇಷ್ಟೇ ಕೊಡುತ್ತೇನೆ ಎಂದು ಖಾತ್ರಿ ಕೊಟ್ಟರೆ ಅದು ಬಡ್ಡಿಯೇ. ಹಾಗಾಗಿ ಯಾವ ವ್ಯಾಪಾರ, ಏನು ಗಿಟ್ಟಿತು ಎಂದು ತೋರಿಸದೆ ಲಾಭವನ್ನು ಹಲಾಲ್ ಎನ್ನುವಂತಿಲ್ಲ. ಬಹರೇನಿನಲ್ಲಿ 1991ರಿಂದ ಇರುವ ಎಎಒಐಎಫ್ಐ ಸಂಸ್ಥೆ ಇದಕ್ಕೆಂದೇ ಲೆಕ್ಕಪತ್ರದ ಮಾನದಂಡಗಳನ್ನು ರೂಪಿಸಿದೆ. ನಮ್ಮಲ್ಲಿ ಅವನ್ನು ಪಾಲಿಸಲೇಬೇಕೆಂಬ ಕಾನೂನಿಲ್ಲ, ಮನಸ್ಸಿದ್ದವರು ಪಾಲಿಸಬಹುದು.

ಐಎಂಎ ಜನರ ಹಣವನ್ನು ಠೇವಣಿ ಎನ್ನಲಿಲ್ಲ. ಎಲ್‌ಎಲ್‌ಪಿಗಳನ್ನು, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಗಳನ್ನು ಮಾಡಿ ಅವರನ್ನು ಪಾಲುದಾರರೆಂದು ಬರೆದುಕೊಂಡಿತು. ಠೇವಣಿದಾರರ ರಕ್ಷಣೆಯ 2004ರ ರಾಜ್ಯ ಕಾಯ್ದೆಯಿಂದ ನುಣುಚಿಕೊಳ್ಳಲು ಈ ದಾರಿ ನೆರವಾಯಿತು. ಕೈಚಳಕ ನಿಜ. ಆದರೆ ಪಾಲುದಾರನಾದವನು ಲೆಕ್ಕದ ಪುಸ್ತಕ ಕೇಳಬಹುದು! ಕಾಗದದ ಮೇಲೆ ಅಷ್ಟೊಂದು ಪಾಲುದಾರರಿದ್ದರೂ ತಿಂಗಳ ದುಡ್ಡು ತಪ್ಪದೆ ಬರುತ್ತಿದ್ದಾಗ ಪುಸ್ತಕದ ನೆನಪು ಯಾರಿಗೆ? ರಿಸರ್ವ್ ಬ್ಯಾಂಕು ರಾಜ್ಯ ಸರ್ಕಾರಕ್ಕೆ ವರ್ಷಗಳ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ವಿಚಾರಣೆಗಳೂ ನಡೆದವು, ಏನೂ ಹೊರಬರಲಿಲ್ಲ. ಕಂಪನಿಗೆ ಅನುಕೂಲವಾಗುವ ವರದಿಗಾಗಿ ಲಂಚ ಪಡೆದ ಆರೋಪದಲ್ಲಿ ಆಮೇಲೆ ಕಂದಾಯ ಅಧಿಕಾರಿಗಳ ಬಂಧನವೂ ಆಯಿತು.

ಗುಟ್ಟು ರಟ್ಟಾದದ್ದು ಲೆಕ್ಕ ತಪಾಸಣೆಯಿಂದಲ್ಲ. 2019ರ ಜೂನ್ 10ರಂದು, ತಾನು ಜೀವ ಬಿಡುತ್ತೇನೆ ಎನ್ನುವ ಖಾನ್‌ನ ಧ್ವನಿಮುದ್ರಿಕೆಯೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಶಿವಾಜಿನಗರದ ಅಂಗಡಿಯ ಮುಂದೆ ಜನ ನೆರೆದರು. ಆತ ಅಷ್ಟರಲ್ಲಿ ದುಬೈ ಸೇರಿಯಾಗಿತ್ತು. ಜುಲೈನಲ್ಲಿ ದೆಹಲಿಗೆ ಮರಳಿದಾಗ ಬಂಧಿಸಿದರು. ಪ್ರಕರಣ ಆಮೇಲೆ ಸಿಬಿಐಗೆ ಹೋಯಿತು.

2020ರ ಕೊನೆಗೆ ಸರ್ಕಾರ ನೇಮಿಸಿದ ಪ್ರಾಧಿಕಾರ ಹಣ ಮರಳಿಸಲು ಅರ್ಜಿ ಕರೆಯಿತು. ಹಾಕಿದ್ದೆಷ್ಟು, ಲಾಭವೆಂದು ಈವರೆಗೆ ಪಡೆದದ್ದೆಷ್ಟು ಎಂದು ಹೂಡಿದವರೇ ಬರೆದುಕೊಡಬೇಕಾಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು.