ಪೆಟ್ಟಿಗೆಯ ತಳದಲ್ಲಿರುವ ಸಿರಿ

2025ರ ಜುಲೈ ತಿಂಗಳಲ್ಲಿ ಪ್ಯಾರಿಸ್ ನಗರದ ಸೋದಬೀಸ್ ಹರಾಜಿನಲ್ಲಿ ಒಂದು ಹಳೆಯ ತೊಗಲಿನ ಕೈಚೀಲ ಸುಮಾರು 86 ಲಕ್ಷ ಯೂರೋಗಳಿಗೆ ಮಾರಾಟವಾಯಿತು. 1980ರ ದಶಕದಲ್ಲಿ ಎರ್ಮೆಸ್ ಸಂಸ್ಥೆಯವರು ನಟಿ ಜೇನ್ ಬರ್ಕಿನ್ ಅವರಿಗಾಗಿ ತಯಾರಿಸಿದ ಮೊದಲ ಚೀಲವದು. ಅದರ ಮೇಲೆ ಗೀರುಗಳಿದ್ದವು, ಕಲೆಗಳಿದ್ದವು. ಆದರೂ ಕೊಳ್ಳುವವರು ಹಿಂಜರಿಯಲಿಲ್ಲ.

ಹಣ ಹೆಚ್ಚಾದವರ ಹುಚ್ಚು ಎಂದು ಇದನ್ನು ಓದಿ ನಕ್ಕವರುಂಟು. ನಗುವ ಮೊದಲು ನಮ್ಮ ನಮ್ಮ ಮನೆಯ ಅಟ್ಟದಲ್ಲಿರುವ ಮರದ ಪೆಟ್ಟಿಗೆಯನ್ನು ನೆನೆದುಕೊಳ್ಳುವುದು ಲೇಸು. ಅಜ್ಜಿಯ ಧಾರೆ ಸೀರೆ, ಅಜ್ಜನ ಜರಿ ಶಾಲು, ಒಂಟಿಯಾಗಿ ಉಳಿದ ಬೆಂಡೋಲೆ ಇವನ್ನೆಲ್ಲ ನಾವೇಕೆ ಇನ್ನೂ ಇಟ್ಟುಕೊಂಡಿದ್ದೇವೆ? ಹಳೆಯ ಬೆಲೆಬಾಳುವ ಉಡುಗೆ ತೊಡುಗೆಗಳ ಮೋಹ ಪರದೇಶದಿಂದ ಬಂದುದಲ್ಲ, ನಮ್ಮಲ್ಲಿಯೂ ಇದೆ. ಅದರ ಬೆಲೆಯನ್ನು ಮಾತ್ರ ನಾವು ತೂಕದಲ್ಲಿ ಅಳೆಯುತ್ತ ಬಂದಿದ್ದೇವೆ.

ಕೋವಾಡದ ನಂಟು

ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲೂಕಿನಲ್ಲಿ, ತಾಮ್ರಪರ್ಣಿ ನದಿಯ ದಂಡೆಯ ಮೇಲೆ ಕೋವಾಡ ಎಂಬ ಊರಿದೆ. 1956ರ ನವೆಂಬರ್ 1ರಂದು ನಾವು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ದಿನವೇ ಚಂದಗಡ ತಾಲೂಕು ಬೆಳಗಾವಿ ಜಿಲ್ಲೆಯಿಂದ ಬೇರ್ಪಟ್ಟು ಅಂದಿನ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಹತ್ತಿರದ ಗಡಹಿಂಗ್ಲಜ ಭಾಗದಲ್ಲಿ ಕನ್ನಡ ಇಂದಿಗೂ ಹಲವರ ಮನೆಮಾತು. ಒಂದರ್ಥದಲ್ಲಿ ಅವರು ನಮ್ಮ ದಾಯಾದಿಗಳು.

ಮರಾಠಿಯ ಹೆಸರಾಂತ ಕಾದಂಬರಿಕಾರ ರಣಜಿತ ದೇಸಾಯಿ (1928–1992) ಈ ಕೋವಾಡದವರು. ಅವರು 1984ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕ ನಮ್ಮ ಕೇರಳದ ಕಿಳಿಮಾನೂರಿನ ರಾಜಾ ರವಿವರ್ಮ. ರವಿವರ್ಮ (1848–1906) ಬರೆದ ಲಕ್ಷ್ಮೀ ಸರಸ್ವತಿಯರ ಪಟ ತೂಗದ ಮನೆ ನಮ್ಮಲ್ಲಿ ವಿರಳ. ಬರೋಡೆಯ ಮಹಾರಾಜರಿಗೆ ಪುರಾಣದ ಚಿತ್ರಗಳನ್ನು ಬರೆದುಕೊಡಲು ಒಪ್ಪಿದ ಮೇಲೆ ಅವರು ದೇಶದ ನಾನಾ ಕಡೆಗಳಲ್ಲಿ ಸಂಚರಿಸಿ ಹೆಂಗಸರ ಉಡುಗೆ ತೊಡುಗೆಗಳನ್ನು ಕಂಡುಬಂದರು. ಮರಾಠಿ ಹೆಂಗಸರ ಸೀರೆಯ ಬೆಡಗು ಅವರ ಪುರಾಣನಾಯಿಕೆಯರಿಗೂ ಬಂತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವರ ಗಾಯಕಿಯರ ಚಿತ್ರವನ್ನು ನೋಡಿದವರಿಗೆ, ಅಂದಿನ ಭಾರತದ ಬಗೆಬಗೆಯ ಸೀರೆ, ಕುಪ್ಪಸ, ಒಡವೆಗಳೆಲ್ಲ ಒಂದೇ ಕಡೆ ಕಾಣಸಿಗುತ್ತವೆ. 1979ರಿಂದ ರವಿವರ್ಮರ ಕೃತಿಗಳನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಚಿತ್ರಕ್ಕೆ ಕಾಯಿದೆಯ ಕಾವಲಿದೆ. ಚಿತ್ರದಲ್ಲಿ ಕಾಣುವಂಥ ಒಡವೆ ಮನೆಯಲ್ಲಿದ್ದರೆ ಅದಕ್ಕೆ ಮನೆಯವರೇ ಕಾವಲು.

ಸಾಜು, ಸೀರೆ, ಚಪ್ಪಲಿ

ಕೊಲ್ಹಾಪುರದ ಹೆಂಗಸರಿಗೆ ಪ್ರಿಯವಾದ ಕಂಠಾಭರಣ 'ಸಾಜು'. ಸಂಪ್ರದಾಯದ ಸಾಜಿನಲ್ಲಿ 21 ಪದಕಗಳು. ಹತ್ತು ಪದಕಗಳು ವಿಷ್ಣುವಿನ ದಶಾವತಾರಕ್ಕೆ, ಎಂಟು ಅಷ್ಟಮಂಗಲಕ್ಕೆ, ಎರಡು ಕೆಂಪು ಹಸಿರು ಹರಳಿನವು, ಉಳಿದೊಂದು ತಾಯಿತ ಎಂಬುದು ವಾಡಿಕೆಯ ಲೆಕ್ಕ. ತೆಳುವಾದ ಚಿನ್ನದ ತಗಡಿನೊಳಗೆ ಅರಗು ತುಂಬಿ ಮಾಡುವುದರಿಂದ ನೋಟಕ್ಕೆ ತುಂಬು, ತೂಕಕ್ಕೆ ಹಗುರ. ಕರಗಿಸಿದರೆ ಸಿಗುವ ಚಿನ್ನ ಅಷ್ಟಿಷ್ಟೇ. ಕಳೆದುಹೋಗುವ ಕೆಲಸಗಾರಿಕೆಯೋ ಬಹಳ.

ಸೀರೆಯ ಮಾತೂ ಅದೇ. ಆ ಸೀಮೆಯ ಕನ್ನಡದ ಹೆಣ್ಣುಮಕ್ಕಳು ಮೆಚ್ಚಿ ಉಟ್ಟ ಇಳಕಲ್ ಸೀರೆಯ ಸೆರಗನ್ನು ಬೇರೆಯೇ ಹಾಸುನೂಲಿನಿಂದ ಸಿದ್ಧಪಡಿಸಿ, ಮೈಯ ನೂಲಿಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. 1904ರಲ್ಲಿ ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂತು. ಕ್ರಮೇಣ ಆ ಊರು ಯಂತ್ರಮಗ್ಗಗಳ ಪಟ್ಟಣವಾಗಿ ಬೆಳೆಯಿತು. ಬಟ್ಟೆ ಅಗ್ಗವಾದುದು ಬಡವರಿಗೆ ಉಪಕಾರವೇ ಸರಿ. ಆದರೆ ಕೈಮಗ್ಗದ ಹಳೆಯ ಸೀರೆ ಅಪರೂಪವಾದುದೂ ಅಷ್ಟೇ ನಿಜ.

ಕೊಲ್ಹಾಪುರಿ ಚಪ್ಪಲಿಯ ಕತೆ ಇನ್ನೂ ಸ್ವಾರಸ್ಯದ್ದು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲನ್ನು ಮೊಳೆ ಬಳಸದೆ ತೊಗಲ ದಾರದಿಂದಲೇ ಹೊಲಿಯುವ ಈ ಪಾದರಕ್ಷೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಪಾಲಿದೆ. ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳೂ ಈ ಕಸುಬಿನವರೇ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ತೋರಿಸಿತು. ಆಕ್ಷೇಪ ಬಂದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೊತೆ ಮಾಡಿಸಿ ಜೊತೆಗೆ ಸುಮಾರು 800 ಯೂರೋಗಳಂತೆ ಮಾರುವುದಾಗಿ ಸಾರಿತು. ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡ ವಸ್ತುವಿನ ಯೋಗ್ಯತೆಯನ್ನು ಹೊರಗಿನವರು ಹೇಳಿದ ಮೇಲೆ ತಿಳಿದುಕೊಳ್ಳಬೇಕೆ?

ಆಕರ್ಷಣೆ ಯಾವುದರಲ್ಲಿ?

ಹಳೆಯ ವಸ್ತುವಿನಲ್ಲಿ ಮೂರು ಗುಣಗಳಿವೆ. ಒಂದು, ಸಾಮಗ್ರಿಯ ಸಾಚಾತನ. ಎರಡು, ಮತ್ತೆ ಅದೇ ರೀತಿ ಮಾಡಲು ಬಾರದ ಕೈಕೆಲಸ. ಮೂರು, ಅದನ್ನು ತೊಟ್ಟವರ ನೆನಪು. ಮೊದಲ ಎರಡಕ್ಕೆ ಪೇಟೆ ಬೆಲೆ ಕಟ್ಟಬಲ್ಲುದು. ಮೂರನೆಯದಕ್ಕೆ ಮನೆಯವರೇ ಬೆಲೆ ಕಟ್ಟಬೇಕು.

ನಮ್ಮಂಥ ಅಲ್ಪಸಂಖ್ಯಾತರಿಗೆ ನಾಲ್ಕನೆಯದೊಂದುಂಟು. ಅದೇ ವಸ್ತುವಿನ ಹೆಸರು. ಅವಲಕ್ಕಿಸರ, ಚಕ್ರಸರ, ಬುಗುಡಿ, ಕೊಪ್ಪು, ವಂಕಿ, ಡಾಬು ಇವು ಒಡವೆಗಳೂ ಹೌದು, ಕನ್ನಡದ ಮಾತುಗಳೂ ಹೌದು. ಡಾಬನ್ನು ಕರಗಿಸಿ ಬಳೆ ಮಾಡಿಸಿದ ಮನೆಯಲ್ಲಿ ಮುಂದಿನ ತಲೆಮಾರಿಗೆ ಆ ಮಾತನ್ನು ಕಲಿಸುವುದು ಹೇಗೆ? ಪಠ್ಯಪುಸ್ತಕದಲ್ಲಿ ಓದಿದ ಮಾತು ಪರೀಕ್ಷೆಯವರೆಗೆ ಉಳಿದೀತು. ಕೈಯಲ್ಲಿ ಹಿಡಿದು ಕಲಿತ ಮಾತು ಬಹುಕಾಲ ಉಳಿಯುತ್ತದೆ. ಜರಿ ಸೀರೆಯ ಪಾಡೂ ಇದೇ. ಹಳೆ ಜರಿಗೆ ದುಡ್ಡು ಕೊಡುವವರು ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಉಳಿದುದು ಬೂದಿ.

ಕಷ್ಟಕಾಲದಲ್ಲಿ ಚಿನ್ನ ಮಾರಬಾರದೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಮಗನ ಓದು ಇವು ಒಡವೆಗಿಂತ ದೊಡ್ಡವು. ಆದರೆ ಬರಿಯ ಹೊಸ ಮಾದರಿಯ ಆಸೆಗಾಗಿ ಹಳೆಯದನ್ನು ಕರಗಿಸುವ ಮುನ್ನ ಎರಡು ದಿನ ಯೋಚಿಸೋಣ. ಮಾರಲೇಬೇಕಾದರೆ ಒಂದು ಭಾವಚಿತ್ರ ತೆಗೆದು, ಹೆಸರು, ತೊಟ್ಟವರು, ಮಾಡಿಸಿದ ಊರು ಇವನ್ನು ಬರೆದಿಡೋಣ.

ಕಾಪಾಡುವುದು ಕಷ್ಟವಲ್ಲ. ಜರಿ ಸೀರೆಯನ್ನು ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು. ನುಸಿಗುಳಿಗೆ ಜರಿಗೆ ತಾಗಬಾರದು. ಅರಗು ತುಂಬಿದ ಒಡವೆಯನ್ನು ಬಿಸಿನೀರಿಗೆ ಹಾಕಬಾರದು. ನಮ್ಮ ಮಳೆಗಾಲದಲ್ಲಿ ತೊಗಲಿನ ವಸ್ತುಗಳಿಗೆ ಗಾಳಿಯಾಡುವ ಜಾಗ ಬೇಕು.

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳು ಮನೆಯ ಹಳೆಯ ಒಡವೆ ವಸ್ತ್ರಗಳ ಹೆಸರುಗಳನ್ನು ಅಜ್ಜಿಯಂದಿರಿಂದ ಕೇಳಿ ಬರೆದು ತರುವಂತೆ ಮಾಡಿದರೆ ಖರ್ಚಿಲ್ಲದೆ ಒಂದು ನಿಘಂಟೇ ಸಿದ್ಧವಾದೀತು. ಹೇಳುವ ಅಜ್ಜಿಯಂದಿರು ಇರುವಾಗಲೇ ಈ ಕೆಲಸ ನಡೆಯಬೇಕು.