ವಿದ್ಯುತ್ ಗಾಡಿಯ ಸಮುದ್ರಯಾನ

ಎರ್ಮಾಳಿನಲ್ಲಿ ನಮ್ಮ ಮನೆಯು ಕಡಲಿಗೂ ಹೆದ್ದಾರಿಗೂ ನಡುವೆ ಇರುವುದು. ಮಳೆಗಾಲದ ರಾತ್ರಿಗಳಲ್ಲಿ ಪಡುಗಡೆಯಿಂದ ತೆರೆಗಳ ಮೊರೆತವೂ ಮೂಡುಗಡೆಯಿಂದ ಲಾರಿಗಳ ಸದ್ದೂ ಒಂದಕ್ಕೊಂದು ಉತ್ತರ ಕೊಡುವಂತೆ ಕೇಳಿಬರುತ್ತವೆ. ಬಡಗಣ ದಿಕ್ಕಿನಲ್ಲಿ, ಕಾಪಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು ಇಂದಿಗೂ ಹಡಗುಗಳಿಗೆ ದಾರಿ ತೋರುತ್ತಲಿದೆ. ಈ ಸೀಮೆಯಲ್ಲಿ ಪರಸ್ಥಳಕ್ಕೆ ಹೋದವರಿಲ್ಲದ ಮನೆಯೇ ಅಪರೂಪ. ಅಜ್ಜಂದಿರು ಮುಂಬಯಿಗೆ ಹೋದರು; ಅವರ ಮಕ್ಕಳು ಕೊಲ್ಲಿಯ ದೇಶಗಳಿಗೆ ಹೋದರು; ಮೊಮ್ಮಕ್ಕಳು ಇಂಗ್ಲೆಂಡು, ಅಮೇರಿಕಾ, ಆಸ್ಟ್ರೇಲಿಯಾಗಳನ್ನು ಸೇರಿದರು. ಹೋಗುವಾಗ ಒಂದು ಪೆಟ್ಟಿಗೆಯಲ್ಲಿ ಅಡಗಿದ ಸಂಸಾರವು ಮರಳುವ ಹೊತ್ತಿಗೆ ಒಂದು ಹಡಗಿನ ಸರಕಾಗಿ ಬೆಳೆದಿರುವುದುಂಟು. ಇವುಗಳೊಳಗೆ ಯಾವುದನ್ನು ತರತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬ ಪ್ರಶ್ನೆಯು ಕಳೆದ ವರ್ಷ ನಮ್ಮ ಮನೆಯಲ್ಲಿಯೇ ಹುಟ್ಟಿತಾದುದರಿಂದ, ಅದರ ವೃತ್ತಾಂತವನ್ನು ವಾಚಕ ಗೃಹಸ್ಥರ ಮುಂದಿಡುತ್ತಿದ್ದೇನೆ.

ನನ್ನ ತಂಗಿಯ ಮಗನು ಒಂಬತ್ತು ವರ್ಷ ಇಂಗ್ಲೆಂಡಿನಲ್ಲಿದ್ದು, ತಾಯಿಗೆ ವಯಸ್ಸಾಯಿತೆಂದು ಊರಿಗೆ ಮರಳಲು ನಿಶ್ಚಯಿಸಿದನು. ಅಲ್ಲಿ ಅವನು ಒಂದು ವಿದ್ಯುತ್ ಮೋಟಾರು ಗಾಡಿಯನ್ನು ಕೊಂಡಿದ್ದನು. ಹೆಂಡತಿಗೂ ಹನ್ನೆರಡು ವರ್ಷದ ಮಗಳಿಗೂ ಅದರಲ್ಲಿ ಬಹಳ ಮಮತೆ. ಹುಡುಗಿ ಅದಕ್ಕೊಂದು ಹೆಸರನ್ನೂ ಇಟ್ಟಿದ್ದಳು. ಒಂದು ರಾತ್ರಿ ಅವನು ಫೋನಿನಲ್ಲಿ, “ಮಾವ, ಗಾಡಿಯನ್ನು ಹಡಗಿನಲ್ಲಿ ತರೋಣವೆಂದಿದ್ದೇನೆ. ಅಲ್ಲಿಯ ನಿಯಮ ಏನೆಂದು ಸ್ವಲ್ಪ ವಿಚಾರಿಸಿ ಹೇಳುತ್ತೀರಾ?” ಎಂದು ಕೇಳಿದನು. ನಾನು ನಿಯಮವನ್ನು ನೋಡುವ ಮೊದಲೇ “ಧಾರಾಳವಾಗಿ ತಾ” ಎಂದುಬಿಟ್ಟೆನು. ಸತ್ಯವನ್ನು ಹೇಳಬೇಕಾದರೆ, ಜನಾರ್ದನ ದೇವರ ಜಾತ್ರೆಯ ದಿನ ವಿಲಾಯತಿಯ ಗಾಡಿಯಲ್ಲಿ ಇಳಿಯುವ ಆಸೆಯು ಈ ಮುದುಕನ ಮನಸ್ಸಿನಲ್ಲಿಯೂ ಇತ್ತು. ಮರುದಿನವೇ ಕೊಟ್ಟಿಗೆಗೆ ದಪ್ಪ ತಂತಿಯನ್ನು ಎಳೆಯಿಸಿದೆನು.

ಅಳಿಯನ ವಾದಕ್ಕೆ ಒಂದು ಪೂರ್ವನಿದರ್ಶನವೂ ಇತ್ತು. ವಿದ್ಯುತ್ ಗಾಡಿಯು ಕಡಲು ದಾಟುವುದು ಕನ್ನಡನಾಡಿಗೆ ಹೊಸತಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಗಾಡಿಯು 2004ರಿಂದ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡತೊಡಗಿತು. ಲಂಡನ್ ನಗರದ ನಡುಭಾಗವನ್ನು ಪ್ರವೇಶಿಸುವ ಗಾಡಿಗಳಿಗೆ 2003ರಲ್ಲಿ ವಿಧಿಸಿದ ದಟ್ಟಣೆಯ ಶುಲ್ಕದಿಂದ ವಿದ್ಯುತ್ ಗಾಡಿಗಳಿಗೆ ಆಗ ವಿನಾಯಿತಿ ಇದ್ದುದರಿಂದ, ನಮ್ಮ ಬೆಂಗಳೂರಿನ ಗಾಡಿಗೆ ಅಲ್ಲಿ ಒಳ್ಳೆಯ ಮನ್ನಣೆ ದೊರೆಯಿತು. “ಬೆಂಗಳೂರಿನದು ಲಂಡನ್ನಿಗೆ ಹೋಗಬಹುದಾದರೆ ಲಂಡನ್ನಿನದು ಎರ್ಮಾಳಿಗೆ ಬರಬಾರದೇ?” ಎಂದು ಅಳಿಯನು ಕೇಳಿದ್ದು ನ್ಯಾಯವಾಗಿಯೇ ಕಂಡಿತು. ಆದರೆ ತಯಾರಕರು ಮಾರಾಟಕ್ಕೆಂದು ನೂರಾರು ಗಾಡಿಗಳನ್ನು ಕಳುಹಿಸುವುದು ಬೇರೆ, ಗೃಹಸ್ಥನು ತನ್ನದೊಂದು ಹಳೆಯ ಗಾಡಿಯನ್ನು ತರುವುದು ಬೇರೆ ಎಂಬುದು ಮುಂದೆ ತಿಳಿದುಬಂತು.

ಮೊದಲು ಹಡಗಿನ ವಿಷಯ. ಗಾಡಿಯನ್ನು ಕಡಲಿನಲ್ಲಿ ಕಳುಹಿಸುವುದಕ್ಕೆ ಎರಡು ಮಾರ್ಗಗಳುಂಟು. ಒಂದು, ಹಲವು ಅಂತಸ್ತುಗಳುಳ್ಳ ಗಾಡಿಹಡಗು. ಗಾಡಿಯು ಚಕ್ರಗಳ ಮೇಲೆಯೇ ಒಳಗೆ ಹೋಗಿ, ಬಂದರಿನಲ್ಲಿ ಚಕ್ರಗಳ ಮೇಲೆಯೇ ಹೊರಗೆ ಬರುವುದು. ಇನ್ನೊಂದು, ಕಬ್ಬಿಣದ ಕಂಟೈನರಿನೊಳಗೆ ಗಾಡಿಯನ್ನು ಬಿಗಿದು ಕಳುಹಿಸುವುದು. ಯಾವ ಮಾರ್ಗವಾದರೂ, ಲಿಥಿಯಂ ಬ್ಯಾಟರಿಯುಳ್ಳ ಗಾಡಿಯು ಅಂತಾರಾಷ್ಟ್ರೀಯ ನೌಕಾನಿಯಮದ ಮೇರೆಗೆ ಅಪಾಯಕರ ಸರಕುಗಳ ಒಂಬತ್ತನೆಯ ವರ್ಗಕ್ಕೆ ಸೇರಿದುದು. ಬ್ಯಾಟರಿಯನ್ನು ಪೂರ್ಣ ತುಂಬಿಸಿ ಕಳುಹಿಸಲು ಹಡಗಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪೂರ್ಣ ಬರಿದುಮಾಡಿದರೆ ವಾರಗಟ್ಟಲೆ ನಿಂತ ಬ್ಯಾಟರಿಯೇ ಕೆಡುವುದು. ಆದುದರಿಂದ ಎರಡಕ್ಕೂ ಮಧ್ಯದ ಒಂದು ಮಟ್ಟವನ್ನು ಅವರೇ ಗೊತ್ತುಮಾಡುತ್ತಾರೆ.

ಈ ಎಚ್ಚರಿಕೆಗೆ ಕಾರಣವುಂಟು. ಇಂತಹ ಬ್ಯಾಟರಿಯೊಳಗೆ ನೂರಾರು, ಕೆಲವದರಲ್ಲಿ ಸಾವಿರಾರು, ಸಣ್ಣ ಕೋಶಗಳು ಒತ್ತಾಗಿ ಇರುತ್ತವೆ. ಒಂದು ಕೋಶವು ಕೆಟ್ಟು ಕಾದರೆ ಪಕ್ಕದ ಕೋಶವನ್ನೂ ಕಾಯಿಸುವುದು. ಹೀಗೆ ಬೆಂಕಿಯು ಒಳಗಿನಿಂದೊಳಗೇ ಹಬ್ಬಿ, ಆರಿತೆಂದುಕೊಂಡ ಮೇಲೆಯೂ ಗಂಟೆಗಳು ಕಳೆದು ಮತ್ತೆ ಹೊತ್ತಿಕೊಳ್ಳಬಲ್ಲುದು. ನೆಲದ ಮೇಲಾದರೆ ಧಾರಾಳವಾಗಿ ನೀರು ಸುರಿಯಬಹುದು. ಒತ್ತೊತ್ತಾಗಿ ಗಾಡಿಗಳನ್ನು ನಿಲ್ಲಿಸಿದ ಹಡಗಿನ ಹೊಟ್ಟೆಯಲ್ಲಿ ಮನುಷ್ಯನು ಸುಳಿಯುವುದೇ ಕಷ್ಟ.

2022ರ ಫೆಬ್ರವರಿಯಲ್ಲಿ ಸುಮಾರು 4,000 ಗಾಡಿಗಳನ್ನು ಹೊತ್ತ ಫೆಲಿಸಿಟಿ ಏಸ್ ಎಂಬ ಹಡಗಿಗೆ ಅಟ್ಲಾಂಟಿಕ್ ಸಾಗರದಲ್ಲಿ ಬೆಂಕಿ ಬಿದ್ದಿತು. ಮಾರ್ಚ್ 1ರಂದು ಅದು ಮುಳುಗಿತು. 2023ರ ಜುಲೈಯಲ್ಲಿ ನೆದರ್‌ಲ್ಯಾಂಡ್ಸಿನ ಕರಾವಳಿಯ ಬಳಿ ಫ್ರೀಮ್ಯಾಂಟಲ್ ಹೈವೇ ಎಂಬ ಹಡಗು ಹತ್ತಿ ಉರಿಯಿತು. ಅದರಲ್ಲಿದ್ದ 3,783 ಗಾಡಿಗಳಲ್ಲಿ 498 ವಿದ್ಯುತ್ತಿನವು. ಅದರ ನಾವಿಕರಲ್ಲಿ ಹೆಚ್ಚಿನವರು ನಮ್ಮ ದೇಶದವರು. ಜೀವ ತೆತ್ತವನೊಬ್ಬನೂ ಭಾರತೀಯನೇ. 2025ರ ಜೂನ್ ತಿಂಗಳಲ್ಲಿ ಸುಮಾರು 3,000 ಗಾಡಿಗಳಿದ್ದ ಮಾರ್ನಿಂಗ್ ಮಿಡಾಸ್ ಎಂಬ ಹಡಗಿಗೂ ಅಲಾಸ್ಕಾದ ದಕ್ಷಿಣದಲ್ಲಿ ಇದೇ ಗತಿಯಾಯಿತು. ಮರುತಿಂಗಳು ಅಮೇರಿಕಾದ ಮ್ಯಾಟ್ಸನ್ ಎಂಬ ಹಡಗು ಸಂಸ್ಥೆಯು ವಿದ್ಯುತ್ ಗಾಡಿಗಳನ್ನು ಒಯ್ಯುವುದನ್ನೇ ನಿಲ್ಲಿಸಿತು. ಈ ಮೂರು ದುರಂತಗಳೂ ವಿದ್ಯುತ್ ಗಾಡಿಗಳಿಂದಲೇ ಆದವೆಂದು ಹೇಳಿದರೆ ಅನ್ಯಾಯವಾದೀತು, ಹಾಗೆಂದು ಸ್ಥಿರಪಟ್ಟಿಲ್ಲ. ಪ್ರತಿವರ್ಷವೂ ಲಕ್ಷಗಟ್ಟಲೆ ವಿದ್ಯುತ್ ಗಾಡಿಗಳು ಕ್ಷೇಮವಾಗಿ ಕಡಲು ದಾಟುತ್ತವೆ. ಆದರೂ ನಮ್ಮ ಗಾಡಿಯನ್ನು ಕಾಯುವುದಕ್ಕೆ ಪರರ ಮಕ್ಕಳು ಹಡಗಿನಲ್ಲಿರುವರೆಂಬುದನ್ನು ಕಡಲತೀರದವರಾದ ನಾವು ಮರೆಯಲಾಗದು.

ದಾರಿಯ ತೊಡಕು ಬೇರೆ. 2023ರ ನವೆಂಬರ್ 19ರಂದು ಗುಜರಾತಿನ ಪಿಪಾವಾವ್ ಬಂದರಿಗೆ ಬರುತ್ತಿದ್ದ ಗ್ಯಾಲಕ್ಸಿ ಲೀಡರ್ ಎಂಬ ಗಾಡಿಹಡಗನ್ನು ಯೆಮನ್ನಿನ ಹೌತಿಗಳು ಕೆಂಪು ಸಮುದ್ರದಲ್ಲಿ ಸೆರೆಹಿಡಿದರು. ಅದರ 25 ಮಂದಿ ನಾವಿಕರಿಗೆ ಬಿಡುಗಡೆಯಾದದ್ದು 2025ರ ಜನವರಿಯಲ್ಲಿ. ಆ ಬಳಿಕ ಬಹಳಷ್ಟು ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು, ವಾಸ್ಕೊ ಡ ಗಾಮನ ಕಾಲದ ಹಾಗೆ ಆಫ್ರಿಕಾ ಖಂಡದ ತುದಿಯನ್ನು ಸುತ್ತತೊಡಗಿದವು. ಇದರಿಂದ ಪ್ರಯಾಣಕ್ಕೆ ಹತ್ತು ಹದಿನಾಲ್ಕು ದಿನಗಳು ಕೂಡಿದವು. ಈ ದಿನಗಳ ಲೆಕ್ಕವು ನಮಗೆ ಏಕೆ ಮುಖ್ಯವಾಯಿತೆಂಬುದನ್ನು ಇನ್ನು ಹೇಳುವೆನು.

ಪ್ರಾಚೀನ ಧರ್ಮಶಾಸ್ತ್ರಕಾರರು ಮನುಷ್ಯನ ಸಮುದ್ರಯಾನಕ್ಕೆ ಆಕ್ಷೇಪವೆತ್ತಿದ್ದರು. ಇಂದಿನ ಶಾಸ್ತ್ರವು ಮನುಷ್ಯನನ್ನು ಬಿಟ್ಟು ಗಾಡಿಯನ್ನು ಹಿಡಿದಿದೆ. ನಮ್ಮ ಸರಕಾರದ ಆಮದು ನಿಯಮದಂತೆ ಪರದೇಶದಲ್ಲಿ ಬಳಸಿದ ಗಾಡಿಯು ತಯಾರಾದ ದಿನದಿಂದ ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು. ಅದರ ಚುಕ್ಕಾಣಿಯು ಬಲಬದಿಗೆ ಇರಬೇಕು. ಆದುದರಿಂದ ಅಮೇರಿಕಾದಲ್ಲಾಗಲಿ ದುಬೈಯಲ್ಲಾಗಲಿ ಓಡಿಸಿದ ಎಡಚುಕ್ಕಾಣಿಯ ಗಾಡಿಗೆ ಇಲ್ಲಿ ಪ್ರವೇಶವೇ ಇಲ್ಲ. ನಮ್ಮ ಮೋಟಾರು ನಿಯಮಗಳಿಗೆ ಅದು ಒಪ್ಪುವುದೆಂದು ಹಡಗೇರುವ ಮೊದಲೊಮ್ಮೆ, ಇಲ್ಲಿಗೆ ಬಂದ ಮೇಲೊಮ್ಮೆ ಪರೀಕ್ಷೆಯ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಇಷ್ಟಾದರೂ ಅದು ಮುಂಬಯಿ ಬಂದರಿನಲ್ಲಿ ಮಾತ್ರ ಇಳಿಯತಕ್ಕದ್ದು. ಪಣಂಬೂರಿನ ನವಮಂಗಳೂರು ಬಂದರು ನಮಗೆ ಒಂದು ಗಂಟೆಯ ಹಾದಿ; ಆದರೂ ಗಾಡಿಯು ನಮ್ಮ ಮನೆಯ ಪಡುವಣ ಕಡಲನ್ನು ಬಿಟ್ಟು ಮುಂಬಯಿಯಲ್ಲಿ ಇಳಿದು, ನೋಂದಣಿಯಿಲ್ಲದ ಕಾರಣ ಲಾರಿಯ ಮೇಲೇರಿ, ನೂರಾರು ಮೈಲು ದಕ್ಷಿಣಕ್ಕೆ ಬರಬೇಕು.

ಇನ್ನು ಸುಂಕ. ವಿದೇಶವಾಸವನ್ನು ಮುಗಿಸಿ ಮರಳುವವರ ಮನೆಸಾಮಾನಿಗೆ ಕಸ್ಟಮ್ಸ್‌ನವರು ತೋರುವ ರಿಯಾಯಿತಿಯು ಮೋಟಾರು ಗಾಡಿಗೆ ಅನ್ವಯಿಸುವುದಿಲ್ಲ. ಬಳಸಿದ ಗಾಡಿಯ ಮೇಲೆ ಬಹುಕಾಲ ಮೂಲಸುಂಕವೇ ನೂರಕ್ಕೆ 125 ಇತ್ತು. 2025ರ ಆಯವ್ಯಯದಲ್ಲಿ ಮೂಲಸುಂಕವನ್ನು 70ಕ್ಕೆ ಇಳಿಸಿದರೂ ಬೇರೊಂದು ಉಪಕರವನ್ನು ಕೂಡಿಸಿದ ಕಾರಣ ಹೊರೆಯು ಹಗುರವಾಗಲಿಲ್ಲ. ಈ ಸುಂಕವನ್ನು ಗಾಡಿಯ ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುವರು. ಅದರ ಮೇಲೆ ಸರಕು ಮತ್ತು ಸೇವಾ ತೆರಿಗೆ. ಇಪ್ಪತ್ತು ಲಕ್ಷ ಬೆಲೆಯ ಗಾಡಿಯನ್ನು ಬಿಡಿಸಿಕೊಳ್ಳಲು ಇನ್ನೂ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ತೆರಬೇಕೆಂದರೆ ವಾಚಕರಿಗೆ ವಿಷಯವು ತಿಳಿಯಬಹುದು.

ಅಳಿಯನ ಗಾಡಿ ತಯಾರಾಗಿ ಆಗಲೇ ಎರಡು ವರ್ಷ ಒಂಬತ್ತು ತಿಂಗಳುಗಳಾಗಿದ್ದವು. ಉಳಿದ ಮೂರು ತಿಂಗಳೊಳಗೆ ಪರೀಕ್ಷೆ, ಹಡಗಿನಲ್ಲಿ ಸ್ಥಳ, ಆಫ್ರಿಕಾದ ಪ್ರದಕ್ಷಿಣೆ, ಎಲ್ಲವೂ ಮುಗಿಯಬೇಕು. ಗಾಡಿಯನ್ನು ಕಳುಹಿಸುವವರೆಗೆ ತಾನು ಅಲ್ಲಿಯೇ ನಿಲ್ಲುವೆನೆಂದು ಅವನು ಹೊರಡುವ ದಿನವನ್ನು ಎರಡು ಸಲ ಮುಂದೂಡಿದನು. ಈ ನಡುವೆ ಒಬ್ಬ ಏಜೆಂಟರು ಅವನಿಗೆ ಒಂದು ಉಪಾಯವನ್ನು ಹೇಳಿಕೊಟ್ಟರು: ರಸೀತಿಯಲ್ಲಿ ಬೆಲೆಯನ್ನು ಅರ್ಧಕ್ಕೆ ಇಳಿಸಿ ತೋರಿಸಿದರೆ ಸುಂಕವೂ ಅರ್ಧವಾಗುವುದು, ತಯಾರಾದ ತಿಂಗಳ ವಿಷಯವನ್ನು ತಾವು ನೋಡಿಕೊಳ್ಳುವರಂತೆ! ಅಳಿಯನು ಸ್ವಭಾವತಃ ಪ್ರಾಮಾಣಿಕನು; ಆದರೂ ಅವನ ಧ್ವನಿಯಲ್ಲಿ, “ಎಲ್ಲರೂ ಹಾಗೇ ಮಾಡುತ್ತಾರಂತೆ, ಮಾವ” ಎಂಬ ಮಾತು ಕೇಳಿದಾಗ ನನಗೆ ಭಯವಾಯಿತು. ನಾನು ಆತುರದಿಂದ ಕೊಟ್ಟ ಪ್ರೋತ್ಸಾಹವೇ ಅವನನ್ನು ಆ ಮೆಟ್ಟಿಲಿಗೆ ತಂದಿತ್ತು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ತಿಳಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುಂಕದ ಅಧಿಕಾರಿಗಳ ಕುರಿತಾಗಿ ಒಂದು ಪ್ರಕರಣವುಂಟು. ಮದುವೆ, ಯಜ್ಞ ಮುಂತಾದವುಗಳ ಸಾಮಗ್ರಿಗೆ ಅವನು ಶುಲ್ಕವನ್ನು ಬಿಟ್ಟಿದ್ದಾನೆ. ಆದರೆ ಶುಲ್ಕಕ್ಕೆ ಹೆದರಿ ಸರಕಿನ ಪ್ರಮಾಣವನ್ನಾಗಲಿ ಬೆಲೆಯನ್ನಾಗಲಿ ಕಡಿಮೆ ಹೇಳಿದವನಿಂದ ಆ ಹೆಚ್ಚಿನ ಭಾಗವನ್ನು ಅರಸನು ಕಿತ್ತುಕೊಳ್ಳಬೇಕು, ಇಲ್ಲವೇ ಅವನು ಎಂಟು ಪಟ್ಟು ಶುಲ್ಕವನ್ನು ತೆರಬೇಕು ಎಂದಿದ್ದಾನೆ. ನಮ್ಮ 1962ರ ಕಸ್ಟಮ್ಸ್ ಕಾಯಿದೆಯಲ್ಲಿಯೂ ಸುಳ್ಳು ವಿವರ ಕೊಟ್ಟು ತಂದ ಸರಕನ್ನು ಮುಟ್ಟುಗೋಲು ಹಾಕಿ ದಂಡ ವಿಧಿಸುವ ಅಧಿಕಾರವುಂಟು. ಇದನ್ನೆಲ್ಲ ಅಳಿಯನಿಗೆ ಓದಿಹೇಳಿದೆನು. “ಮಗನೇ, ಮೊದಲು ತಪ್ಪಿದವನು ನಾನು. ತಿಳಿಯದೆ ಹೂಂ ಎಂದೆ. ಈಗ ತಿಳಿದು ಬೇಡವೆನ್ನುತ್ತೇನೆ” ಎಂದೆನು. ಅವನು ಸುಮ್ಮನಿದ್ದನು.

ಆಗ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ನನ್ನ ತಂಗಿಯು ಫೋನನ್ನು ಕೇಳಿಪಡೆದು ಮಗನಿಗೆ ಹೇಳಿದ ಮಾತು ಇಷ್ಟೇ: “ನಾನು ನಿನ್ನ ದಾರಿ ಕಾಯುತ್ತಿದ್ದೇನೆ. ಗಾಡಿಯ ದಾರಿ ಕಾಯುವವರು ಈ ಮನೆಯಲ್ಲಿ ಯಾರೂ ಇಲ್ಲ.”

ಮರುವಾರ ಗಾಡಿಯು ಅಲ್ಲಿಯೇ ಮಾರಾಟವಾಯಿತು. ಅದನ್ನು ಕೊಂಡವರು ಹತ್ತಿರದ ಬೀದಿಯವರೇ ಆದುದರಿಂದ ಹುಡುಗಿಗೆ ಅದನ್ನು ಇನ್ನೊಂದು ಸಲ ನೋಡಿ ಬರಲು ಅನುಕೂಲವಾಯಿತು. ಆಟಿ ತಿಂಗಳ ಮಳೆಯಲ್ಲಿ ಅವರೆಲ್ಲರೂ ಊರಿಗೆ ಬಂದಿಳಿದರು. ಸುಂಕಕ್ಕೆಂದು ತೆಗೆದಿಟ್ಟ ಹಣದ ಒಂದು ಭಾಗದಿಂದ, ಮಳೆ ಬಿಟ್ಟ ಮೇಲೆ, ಹಳೆಮನೆಯ ಮಾಡಿನ ಪಕ್ಕಾಸು ರೀಪುಗಳನ್ನು ಬದಲಾಯಿಸಿ ಹೆಂಚು ಹೊದಿಸಿದ್ದಾಯಿತು. ಉಳಿದುದರಿಂದ ಭಾರತದಲ್ಲಿಯೇ ತಯಾರಾದ ಒಂದು ಸಣ್ಣ ವಿದ್ಯುತ್ ಗಾಡಿಯನ್ನು ಕೊಂಡರು. ನಾನು ಕೊಟ್ಟಿಗೆಗೆ ಎಳೆಯಿಸಿದ ತಂತಿಯು ವ್ಯರ್ಥವಾಗಲಿಲ್ಲ.

ಪ್ರಿಯ ವಾಚಕರೇ, ಇದರಿಂದ ಗಾಡಿಯನ್ನು ಯಾರೂ ಸಾಗಿಸಬಾರದೆಂದು ನಾನು ಹೇಳುವುದಿಲ್ಲ. ಇಲ್ಲಿಂದ ಹೊರಡುವವರಾಗಲಿ ಅಲ್ಲಿಂದ ಮರಳುವವರಾಗಲಿ, ಮೊದಲು ಸೇರುವ ದೇಶದ ನಿಯಮವನ್ನು ಸರಕಾರದ ಪ್ರಕಟಣೆಯಲ್ಲಿಯೇ ಓದತಕ್ಕದ್ದು. ಏಜೆಂಟರ ಬಾಯಿಮಾತನ್ನು ನಂಬಬಾರದು. ಗಾಡಿಯ ವಯಸ್ಸನ್ನು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ ಎಣಿಸಬೇಕು. ವಿದ್ಯುತ್ ಗಾಡಿಯೆಂಬುದನ್ನು ಹಡಗಿನವರಿಗೂ ವಿಮೆಯವರಿಗೂ ಮುಚ್ಚದೆ ತಿಳಿಸಬೇಕು. ಸೇರುವ ಊರಿನಲ್ಲಿ ಅದೇ ಗಾಡಿ ಮಾರಾಟದಲ್ಲಿದೆಯೇ, ಬ್ಯಾಟರಿಯ ಹೊಣೆಯನ್ನು ಅಲ್ಲಿ ಯಾರು ಹೊರುವರು ಎಂದು ವಿಚಾರಿಸಬೇಕು. ಇಂಗ್ಲೆಂಡಿನ ಮತ್ತು ನಮ್ಮ ಮನೆಗಳ ವಿದ್ಯುತ್ತು ಒಂದೇ ಬಗೆಯದಾದರೂ, ಇಲ್ಲಿ ಮಾರದ ಗಾಡಿಗೆ ಬಿಡಿಭಾಗವನ್ನು ಕೊಡುವವರು ಯಾರು? ಇಷ್ಟೆಲ್ಲ ನೋಡಿ, ಲೆಕ್ಕ ಹಾಕಿ, ಆಮೇಲೆ ಮನಸ್ಸನ್ನು ಕೇಳಬೇಕು. ನಾವು ಮೊದಲು ಮನಸ್ಸನ್ನು ಕೇಳಿ ಕೆಟ್ಟೆವು.

ತುಳುನಾಡಿನ ಜಾತ್ರೆಗಳು ಎರ್ಮಾಳಿನಲ್ಲಿ ಮೊದಲಾಗಿ ಖಂಡೇವಿನಲ್ಲಿ ಮುಗಿಯುವುವೆಂದು ನಮ್ಮಲ್ಲಿ ರೂಢಿಯ ಮಾತುಂಟು. ಈ ಸಲದ ಜಾತ್ರೆಗೆ ನಾವು ಹೊಸ ಗಾಡಿಯನ್ನು ಮನೆಯಲ್ಲಿಯೇ ಬಿಟ್ಟು ನಡೆದೇ ಹೋದೆವು. ತಂಗಿಯು ಒಂದು ಕೈಯನ್ನು ಮಗನ ಹೆಗಲ ಮೇಲೂ ಇನ್ನೊಂದನ್ನು ಮೊಮ್ಮಗಳ ಕೈಯಲ್ಲೂ ಇಟ್ಟು ಮೆಲ್ಲನೆ ನಡೆದಳು. ಹುಡುಗಿಯು ಹೊಸ ಗಾಡಿಗೂ ಒಂದು ಹೆಸರನ್ನು ಹುಡುಕುತ್ತಿದ್ದಾಳೆ. ತುಳುವಿನ ಹೆಸರೇ ಆಗಬೇಕಂತೆ.